ಬಾಗಿಲು ತೆಗೆದ ಕೈ

ಲಿಫ್ಟಣ್ಣ ಕಥೆ ಬರೆಯಲು ಹೊರಟಿದ್ದಾನೆ ಎಂಬ ಸುದ್ದಿ ಆ ಏಳು ಮಹಡಿಯ ಕಟ್ಟಡದಲ್ಲಿ ಲಿಫ್ಟಿಗಿಂತ ಬೇಗ ಮೇಲೆ ಹತ್ತಿತು. ಎರಡನೇ ಮಹಡಿಯ ವಿಮಾ ಕಚೇರಿಯವರು ಬಿದ್ದು ಬಿದ್ದು ನಕ್ಕರು. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ರೋಗಿಯ ಬಾಯೊಳಗೆ ಕೈ ಇಟ್ಟುಕೊಂಡೇ, "ಏನಂತೆ ಕಥೆ? ಮೇಲೆ ಹೋದೆ, ಕೆಳಗೆ ಬಂದೆ ಅಂತಲಾ?" ಎಂದರು. ಪಾಪ, ಆ ರೋಗಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ನಗುವವರಿಗೇನು, ಹಲ್ಲಿದ್ದರೆ ಸಾಕು. ಆದರೆ ಆ ಕಟ್ಟಡದಲ್ಲಿ ಕಥೆ ಬರೆಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೇ. ದುಡಿಯುವ ವಯಸ್ಸನ್ನೆಲ್ಲ ಅವನು ಹಳೆಯ ಲಿಫ್ಟಿನ ಮೂಲೆಯ ಸ್ಟೂಲಿನ ಮೇಲೆ ಕಳೆದಿದ್ದ. ಹಿತ್ತಾಳೆಯ ಹಿಡಿ ತಿರುಗಿಸುವುದು, ಮಹಡಿ ಬಂದ ಕೂಡಲೇ ಜಾಲರಿ ಬಾಗಿಲು ಎಳೆಯುವುದು, ಮಹಡಿಯ ಹೆಸರು ಕೂಗುವುದು, ಮತ್ತೆ ಮುಚ್ಚುವುದು. ಲಿಫ್ಟಿನೊಳಗೆ ಬಂದವರಿಗೆ ಲಿಫ್ಟಿನವನು ಕಾಣುವುದಿಲ್ಲ. ಗೋಡೆಗೂ ಕಿವಿ ಇದೆ ಎಂದು ಬೇರೆಲ್ಲ ಕಡೆ ಪಿಸುಗುಡುವವರು ಅವನ ಭುಜಕ್ಕೆ ಭುಜ ತಾಗಿಸಿಕೊಂಡು ಮನೆಯ ಗುಟ್ಟೆಲ್ಲ ಬಿಚ್ಚುತ್ತಿದ್ದರು. ಆದರೆ ಎಲ್ಲವೂ ಅರ್ಧಂಬರ್ಧ. "ಆಮೇಲೆ ನಮ್ಮತ್ತೆ ಏನ್ಮಾಡಿದ್ರು ಗೊತ್ತಾ..." ಎನ್ನುವಷ್ಟರಲ್ಲಿ ನಾಲ್ಕನೇ ಮಹಡಿ ಬಂದುಬಿಡುತ್ತಿತ್ತು. ಅವನು ಬಾಗಿಲು ತೆಗೆಯುತ್ತಿದ್ದ. ಅತ್ತೆ ಏನು ಮಾಡಿದರೋ, ಆ ದೇವರೇ ಬಲ್ಲ. ಅವನ ತಲೆಯ ತುಂಬ ಇಂಥ ತುಂಡುಗಳೇ, ಮೊದಲೂ ಇಲ್ಲ, ಕೊನೆಯೂ ಇಲ್ಲ.

ಏಳನೇ ಮಹಡಿಯಲ್ಲಿ ಗ್ರಂಥಾಲಯ. ಅಲ್ಲಿನ ಓದುವ ಕೋಣೆಯಲ್ಲಿ ಶನಿವಾರ ಸಂಜೆ ಕಥೆ ಬರೆಯುವುದನ್ನು ಕಲಿಸುವ ತರಗತಿ. ನಡೆಸುವವರು ಶಾಲೆಯಿಂದ ನಿವೃತ್ತರಾದ ಒಬ್ಬ ಟೀಚರು. ಒಂದೆರಡು ಕಥಾಸಂಕಲನ ತಂದವರು, ಬಾಯಿ ಜೋರು, ಮನಸ್ಸು ಮೆತ್ತಗೆ. ಲಿಫ್ಟಣ್ಣನಿಗೆ ಆ ತರಗತಿಯ ಪರಿಚಯ ಆದದ್ದೇ ಒಂದು ತಮಾಷೆ. ಅವನು ಇನ್ನೂ ಕೆಲಸದಲ್ಲಿದ್ದಾಗಿನ ಮಾತು. ಒಂದು ಶನಿವಾರ ಇಬ್ಬರು ಹೆಂಗಸರು ಲಿಫ್ಟು ಹತ್ತಿದರು. ಒಬ್ಬಳು, "ಸೊಸೇನ ಸಾಯಿಸ್ಬಿಡೋಣ ಕಣೇ, ಇಲ್ದಿದ್ರೆ ಮುಗಿಯೋ ಹಾಗೆ ಕಾಣಲ್ಲ" ಎಂದಳು. ಇನ್ನೊಬ್ಬಳು, "ವಿಷ ಬೇಡ, ಎಲ್ರೂ ಅದನ್ನೇ ಮಾಡ್ತಾರೆ. ಬಾವಿಗೆ ತಳ್ಳು" ಎಂದಳು. ಲಿಫ್ಟಣ್ಣ ಅವರನ್ನು ಏಳಕ್ಕೆ ಇಳಿಸಿದವನು ಒಂದೇ ಉಸಿರಿಗೆ ಕೆಳಗೆ ಬಂದು ಕಾವಲುಗಾರನನ್ನು ಕರೆದುಕೊಂಡು ಮೇಲೆ ಹೋದ. ಓದುವ ಕೋಣೆಯ ಬಾಗಿಲಲ್ಲಿ ಇಬ್ಬರೂ ಕೊಲೆಗಾರ್ತಿಯರನ್ನು ಹಿಡಿಯಲು ನಿಂತಿದ್ದರೆ, ಒಳಗೆ ಟೀಚರು, "ಸೊಸೆ ಸಾಯೋದು ಬೇಡ, ಅತ್ತೆ ಜೊತೆ ಬದುಕ್ಲಿ. ಅದೇ ದೊಡ್ಡ ಶಿಕ್ಷೆ" ಎಂದು ತಿದ್ದುತ್ತಿದ್ದರು.

ಅಂದಿನಿಂದ ಕಟ್ಟಡದವರಿಗೆ ಅದು ವರ್ಷಗಟ್ಟಲೆ ನಗುವ ಸರಕಾಯಿತು. ಆದರೆ ಲಿಫ್ಟಣ್ಣನ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತು. ಅಲ್ಲಿ ಮೇಲೆ, ಒಂದು ಕೋಣೆಯಲ್ಲಿ, ಜನ ಕೂತುಕೊಂಡು ಕೊನೆಗಳನ್ನು ಮಾಡುತ್ತಾರೆ. ಬೇಕಾದ ಹಾಗೆ ಮಾಡುತ್ತಾರೆ, ಚೆನ್ನಾಗಿಲ್ಲದಿದ್ದರೆ ಬದಲಾಯಿಸುತ್ತಾರೆ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಕೊನೆ.

ಹಳೆಯ ಲಿಫ್ಟು ಕಿತ್ತು ಗುಂಡಿ ಒತ್ತುವ ಹೊಸ ಲಿಫ್ಟು ಹಾಕಿದ ವರ್ಷವೇ ಅವನೂ ನಿವೃತ್ತನಾದ. ಮನೆಯಲ್ಲಿ ಇರುವವಳು ಅಕ್ಕ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ತಮ್ಮನಿಗೆ ಮದುವೆ ಮಾಡಲು ಹೆಣಗಿ ಹೆಣಗಿ ಕೈಚೆಲ್ಲಿದವಳು. ಎರಡು ವಾರ ಅವನು ಕಿಟಕಿಯ ಬಳಿ ಕೂತು ಬೀದಿ ನೋಡಿದ. ಮೂರನೇ ವಾರ ಅಕ್ಕ ಸೌಟು ಹಿಡಿದುಕೊಂಡೇ ಬಂದಳು.

"ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ ಅಂತಾರಲ್ಲ, ಅವರಾದ್ರೂ ವಾಸಿ. ನೀನು ದಿನಾ ಆರಕ್ಕೂ ಏರ್ದೆ, ಮೂರಕ್ಕೂ ಇಳಿದೆ, ಆದ್ರೂ ಇದ್ದಲ್ಲೇ ಇದ್ದೀಯ. ಎಲ್ಲಾದ್ರೂ ಹೋಗೋ, ಮಾರಾಯ. ಕಣ್ಣೆದುರಿಗೆ ಹೀಗೆ ಕೂತಿದ್ರೆ ಅನ್ನ ಬೇಯಲ್ಲ ನನಗೆ."

"ಎಲ್ಲಿಗೆ ಹೋಗ್ಲಿ ಅಕ್ಕ?"

"ಏಳನೇ ಮಹಡಿಗೆ ಹೋಗು. ಊರನ್ನೆಲ್ಲ ಅಲ್ಲಿಗೆ ಹತ್ತಿಸಿದೀಯ. ನೀನು ಒಂದು ಸಲ ಇಳಿದು ನೋಡು."

ಅವಳು ತಮಾಷೆಗೆ ಹೇಳಿದ್ದು. ಅವನು ಶನಿವಾರ ಕ್ಷೌರ ಮಾಡಿಸಿಕೊಂಡು ಹೊರಟೇಬಿಟ್ಟ.

ತರಗತಿಯಲ್ಲಿ ಏಳೆಂಟು ಮಂದಿ. ಔಷಧಿ ಅಂಗಡಿಯವರೊಬ್ಬರು ದೆವ್ವದ ಕಥೆ ಬರೆಯುತ್ತಿದ್ದರು. ಸೊಸೆಯನ್ನು ಬಾವಿಗೆ ತಳ್ಳಲು ಹೊರಟಿದ್ದಾಕೆ ಈಗಲೂ ಬರುತ್ತಿದ್ದಳು. ಅವನನ್ನು ನೋಡಿ, "ಬನ್ನಿ ಲಿಫ್ಟಣ್ಣ, ಇವತ್ತು ಯಾರನ್ನೂ ಕೊಲ್ಲಲ್ಲ" ಎಂದು ಪಕ್ಕದ ಕುರ್ಚಿ ಎಳೆದುಕೊಟ್ಟಳು. ಟೀಚರು ಕನ್ನಡಕದ ಮೇಲಿನಿಂದ ನೋಡಿದರು.

"ಏನು ಬರೀಬೇಕು ಅಂತ ಬಂದ್ರಿ?"

"ಒಂದು ಕಥೆ ಇದೆ, ಟೀಚರ್. ಆದ್ರೆ ಅದಕ್ಕೆ ಕೊನೆ ಇಲ್ಲ."

"ಒಳ್ಳೇದೇ ಆಯ್ತು. ಇಲ್ಲಿರೋರಿಗೆಲ್ಲ ಕೊನೆ ಇದೆ, ಕಥೆ ಇಲ್ಲ. ಬರ್ಕೊಂಡು ಬನ್ನಿ ಮುಂದಿನ ವಾರ."

ಅವನು ಬರೆದ. ವಾರವಿಡೀ ಊಟದ ಮೇಜಿನ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು ಬರೆದ. ಶನಿವಾರ ಎದ್ದು ನಿಂತು ಓದಿದ: "ಆ ದಿನ ನನ್ನ ಮನಸ್ಸಿಗೆ ಹೇಳಲಾರದ ದುಃಖವಾಯಿತು. ನನ್ನ ಹೃದಯವು ಒಡೆದು ಚೂರುಚೂರಾಯಿತು."

"ನಿಲ್ಸಿ, ನಿಲ್ಸಿ" ಎಂದರು ಟೀಚರು. "ಚೂರುಚೂರಾಯ್ತಾ? ಗುಡಿಸಿದ್ದು ಯಾರು?"

ಎಲ್ಲರೂ ನಕ್ಕರು. ಲಿಫ್ಟಣ್ಣ ಕಿವಿಯವರೆಗೆ ಕೆಂಪಾದ.

"ನಗಬೇಡ್ರೀ, ನೀವೆಲ್ಲ ಬಂದ ಹೊಸದರಲ್ಲಿ ಪಿಂಗಾಣಿ ಅಂಗಡಿನೇ ಒಡೆದು ಹಾಕಿದ್ರಿ" ಎಂದು ಟೀಚರು ಉಳಿದವರನ್ನು ಗದರಿಸಿದರು. ಆಮೇಲೆ ಅವನ ಕಡೆ ತಿರುಗಿ ಮೆತ್ತಗೆ ಹೇಳಿದರು: "ನೋಡಿ ಲಿಫ್ಟಣ್ಣ, ದುಃಖ ಆಯ್ತು ಅಂತ ಬರೆದ್ರೆ ಅದು ನಿಮಗೆ ಆಯ್ತು, ನನಗೇನು? ದುಃಖದ ಗೋಜಿಗೇ ಹೋಗ್ಬೇಡಿ. ಆ ಹೊತ್ತಿನಲ್ಲಿ ನಿಮ್ಮ ಕೈ ಏನು ಮಾಡ್ತಾ ಇತ್ತು? ಅದನ್ನ ಬರೀರಿ. ಮನಸ್ಸು ಸುಳ್ಳು ಹೇಳುತ್ತೆ, ಕೈ ಹೇಳಲ್ಲ."

ಲಿಫ್ಟಣ್ಣ ಹಾಗೇ ಕುಸಿದು ಕೂತ. ಮಿಕ್ಕ ಪಾಠ ಅವನ ಕಿವಿಗೆ ಬೀಳಲೇ ಇಲ್ಲ. ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಹಿಡಿ ತಿರುಗಿಸಿ ತಿರುಗಿಸಿ ಅಂಗೈ ಕಾಯಿಕಟ್ಟಿತ್ತು. ಉಪದೇಶ ಕೊಡುವುದು ಸುಲಭ, ಬಾಯಿಗೇನು ಬಾಡಿಗೆಯೇ. ಆದರೆ ಕೊಟ್ಟವರಿಗೆ ಗೊತ್ತಿರುವುದಿಲ್ಲ, ತಮ್ಮ ಮಾತು ಎದುರಿನವನ ಯಾವ ಗಾಯದ ಮೇಲೆ ಹೋಗಿ ಕೂತಿತೆಂದು.

ಅವನ ಕಥೆಯೆಲ್ಲ ಇದ್ದದ್ದು ಆ ಕೈಯಲ್ಲೇ.

ಐದನೇ ಮಹಡಿಯಲ್ಲಿ ನಕ್ಷೆ ಕಚೇರಿ. ಅಲ್ಲಿ ಒಬ್ಬಳು ಟ್ರೇಸರ್ ಆಗಿದ್ದಳು. ದೊಡ್ಡ ನಕ್ಷೆಗಳ ಮೇಲೆ ತೆಳು ಕಾಗದ ಹರಡಿ ನದಿ, ರಸ್ತೆ, ಗಡಿಗಳನ್ನು ಶಾಯಿಯಲ್ಲಿ ನಕಲು ತೆಗೆಯುವ ಕೆಲಸ. ಕಟ್ಟಡದವರೆಲ್ಲ ನಕ್ಷೆ ಮೇಡಂ ಎನ್ನುತ್ತಿದ್ದರು. ತೋರುಬೆರಳ ತುದಿಯಲ್ಲಿ ಯಾವಾಗಲೂ ಕಪ್ಪು ಶಾಯಿಯ ಕಲೆ, ಬಗಲಲ್ಲಿ ಸುರುಳಿ ಸುತ್ತಿದ ಕಾಗದ. ಮೊದಲ ಸಲ ಮಾತಾಡಿದ್ದು ಅವಳೇ. "ನಾನು ಒಂದು ಸಲವೂ ಹೋಗದೇ ಇರೋ ಊರಿಗೆಲ್ಲ ದಾರಿ ಬರೀತೀನಿ. ನೀವು ಎಲ್ರನ್ನೂ ಮೇಲೆ ಬಿಟ್ಟು ಮತ್ತೆ ಕೆಳಗೇ ಬರ್ತೀರ. ನಮ್ಮಿಬ್ಬರದ್ದೂ ಒಂದೇ ಹಣೆಬರಹ" ಎಂದಳು. ಎಂದು ನಕ್ಕಳು. ಲಿಫ್ಟಣ್ಣ ಅಂದು ಆರನೇ ಮಹಡಿಯವರನ್ನು ನಾಲ್ಕಕ್ಕೆ ಇಳಿಸಿ ಬೈಸಿಕೊಂಡ.

ಅವಳು ಲಿಫ್ಟಿನಲ್ಲಿ ಒಂದು ಕಥೆ ಹೇಳುತ್ತಿದ್ದಳು. ಕಥೆಯೆಂದರೆ ಅವಳ ಮನೆಯದೇ: ಹಾಸಿಗೆ ಹಿಡಿದ ತಾಯಿ ಅಲ್ಲಿಂದಲೇ ಇಡೀ ಬೀದಿಯ ಮೇಲೆ ಅಧಿಕಾರ ಚಲಾಯಿಸುವುದು, ತಮ್ಮ ಪರೀಕ್ಷೆಯಲ್ಲಿ ಫೇಲಾಗಿ ಪ್ರತಿ ಸಲವೂ ಹೊಸ ಕಾರಣ ಹುಡುಕುವುದು, ಮೇಲಿನ ಮನೆಯ ಬಾಡಿಗೆದಾರ ಶಿಳ್ಳೆ ಹೊಡೆಯುತ್ತಾ ಬಟ್ಟೆ ಒಗೆಯುವುದು. ಬೆಳಿಗ್ಗೆ ನೆಲದಿಂದ ಐದಕ್ಕೆ ಹೋಗುವಾಗ ಒಂದು ತುಂಡು, ಸಂಜೆ ಐದರಿಂದ ನೆಲಕ್ಕೆ ಬರುವಾಗ ಇನ್ನೊಂದು. ಸರಿಯಾದ ಜಾಗದಲ್ಲಿ ನಿಲ್ಲಿಸುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಮುಂದೆ?" ಎನ್ನುತ್ತಿದ್ದ ಅವನು.

"ಸಾಯಂಕಾಲ" ಎಂದು ಅವಳು ಇಳಿಯುತ್ತಿದ್ದಳು.

ಬೇರೆಯವರು ಜೊತೆಗಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಅಂಥ ದಿನ ಆ ಬೇರೆಯವರ ಮೇಲೆ ಅವನಿಗೆ ಎಲ್ಲಿಲ್ಲದ ಸಿಟ್ಟು. ಅವಳೊಬ್ಬಳೇ ಇದ್ದ ದಿನ ನಾಲ್ಕರಿಂದ ಐದರ ನಡುವೆ ಲಿಫ್ಟು ತಾನಾಗಿಯೇ ನಿಧಾನವಾಗುತ್ತಿತ್ತು. "ಯಾಕೋ ಇಲ್ಲಿ ಬಂದ್ರೆ ಎಳೆಯಲ್ಲ" ಎಂದು ಅವನು ಹಿಡಿಯ ಕಡೆ ನೋಡುತ್ತಾ ಗೊಣಗುತ್ತಿದ್ದ. "ಹೌದು, ವಯಸ್ಸಾಯ್ತು ಅದಕ್ಕೆ" ಎಂದು ಅವಳು ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಸುಮ್ಮನಿದ್ದರು. ಇನ್ನೊಂದು ವಿಷಯವೂ ಇಬ್ಬರಿಗೆ ಗೊತ್ತಿತ್ತು. ಇಡೀ ಕಟ್ಟಡವೇ, ಅವನಿಗಿಂತ ಹಿರಿಯರು ಸಹ, ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರೆ, ಅವಳೊಬ್ಬಳು ಅಪ್ಪಿತಪ್ಪಿಯೂ ಆ ಅಣ್ಣ ಸೇರಿಸಲಿಲ್ಲ. "ನೋಡಿ" ಎನ್ನುತ್ತಿದ್ದಳು, "ಕೇಳಿ" ಎನ್ನುತ್ತಿದ್ದಳು.

ಹೀಗೇ ವರ್ಷಗಳು ಉರುಳಿದವು. ತಾಯಿ ತೀರಿಕೊಂಡಳು. ತಮ್ಮ ಹೇಗೋ ಪಾಸಾಗಿ ಕೆಲಸ ಹಿಡಿದ. ಲಿಫ್ಟಣ್ಣನಿಗೆ ಆ ಮನೆಯ ಪಾತ್ರೆ ಪಡಗವೂ ಪರಿಚಯವಾಗಿದ್ದವು, ಆ ಮನೆ ಯಾವ ಬೀದಿಯಲ್ಲಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಒಂದು ಸಂಜೆ ಕಚೇರಿಗಳು ಬಿಡುವ ಹೊತ್ತಿಗೆ ಅವಳು ಐದರಲ್ಲಿ ಹತ್ತಿದಳು. ಒಬ್ಬಳೇ ಇದ್ದಳು. ಕೈಯಲ್ಲಿ ಕಾಗದದ ಸುರುಳಿ ಇರಲಿಲ್ಲ, ದೊಡ್ಡದೊಂದು ಚೀಲ ಇತ್ತು. ಮೂರನೇ ಮಹಡಿಯ ದೀಪ ಜಾಲರಿಯ ಮೇಲೆ ಹಾದುಹೋದಾಗ, "ನನಗೆ ಬೇರೆ ಊರಿಗೆ ವರ್ಗ ಆಗಿದೆ" ಎಂದಳು.

ಅವನ ಕೈ ಹಿಡಿಯ ಮೇಲೇ ಇತ್ತು.

ಎರಡನೇ ಮಹಡಿ ಹೋಯಿತು. "ಹೋಗೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳ್ಬೇಕು" ಎಂದಳು. ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಬಾಯಿ ತೆರೆದಳು.

ಅಷ್ಟರಲ್ಲಿ ನೆಲ ಬಂತು. ಮತ್ತು ಆ ಕೈ, ಆ ಹಾಳು ಕೈ, ತಾನು ಹುಟ್ಟಿದ್ದೇ ಅದಕ್ಕೆ ಎನ್ನುವ ಹಾಗೆ, ಸರಕ್ಕನೆ ಜಾಲರಿ ಬಾಗಿಲು ಎಳೆಯಿತು. ಬಾಯಿ ಅದರ ಹಿಂದೆಯೇ, "ಗ್ರೌಂಡ್ ಫ್ಲೋರ್!" ಎಂದು ಕೂಗಿತು.

ಅವಳು ತೆರೆದ ಬಾಗಿಲು ನೋಡಿದಳು. ಅವನ ಮುಖ ನೋಡಿದಳು. ಚೀಲ ಎತ್ತಿಕೊಂಡು ಇಳಿದು ಹೋದಳು. ಹೊರಗೆ ಕಾಯುತ್ತಿದ್ದವರು ನುಗ್ಗಿದರು, "ಆರನೇ ಫ್ಲೋರ್, ಬೇಗ, ಬೇಗ" ಎಂದರು. ಜನ ತುಂಬಿದ ಲಿಫ್ಟು ಬಿಟ್ಟು ಲಿಫ್ಟಿನವನು ಇಳಿಯುವಂತಿಲ್ಲ. ಅದು ಅವನಿಗೆ ಮೊದಲ ದಿನ ಕಲಿಸಿದ ಪಾಠ. ಅವನು ಆರಕ್ಕೆ ಹೋಗಿ ಕೆಳಗೆ ಬರುವಷ್ಟರಲ್ಲಿ ಬಾಗಿಲಾಚೆ ಬೀದಿ ಮಾತ್ರ ಇತ್ತು. ನಾಳೆ ಬರುತ್ತಾಳೆ, ಆಗ ಕೇಳೋಣ ಎಂದುಕೊಂಡ. ಬರಲಿಲ್ಲ. ಆ ದಿನವೇ ಅವಳ ಕಡೆಯ ದಿನವಾಗಿತ್ತು.

ಇದನ್ನೆಲ್ಲ ಲಿಫ್ಟಣ್ಣ ಬರೆದು ಓದಲು ವಾರಗಳು ಹಿಡಿದವು. ಟೀಚರು ಒಂದೊಂದು ಸಾಲನ್ನೂ ಹಿಂಜಿದರು. "ಚಂದ್ರನಂಥ ಮುಖ" ಎಂದು ಬರೆದಿದ್ದಕ್ಕೆ, "ಚಂದ್ರ ಲಿಫ್ಟ್ ಹತ್ತಲ್ಲ, ತೆಗೀರಿ" ಎಂದರು. ಶಾಯಿ ಕಲೆಯ ಬೆರಳಿಗೆ ಮಾತ್ರ, "ಇದು ಇರ್ಲಿ, ಇದು ನಿಮ್ಮದು" ಎಂದರು. ದಿನಾ ಬರೆಯಬೇಕು, ಚೆನ್ನಾಗಿ ಬಂದ ದಿನ ಮಾತ್ರ ಅಲ್ಲ, ಎಂದರು. ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳಿ, ನಾಲಿಗೆ ಎಡವಿದ ಕಡೆ ವಾಕ್ಯವೂ ಎಡವಿರುತ್ತೆ, ಎಂದರು. ಅವನು ಮನೆಯಲ್ಲಿ ಗಟ್ಟಿಯಾಗಿ ಓದಿದ. ಅಡುಗೆಮನೆಯಲ್ಲಿದ್ದ ಅಕ್ಕ ಒಲೆ ಆರಿಸಿ ಬಂದು ಬಾಗಿಲಿಗೆ ಒರಗಿ ಕೇಳಿದಳು. ಇಷ್ಟು ವರ್ಷ ತಾನು ತಂದ ಸಂಬಂಧಗಳನ್ನೆಲ್ಲ ತಮ್ಮ ಯಾಕೆ ಬೇಡ ಅಂದ ಎನ್ನುವುದು ಅವಳಿಗೆ ಅಂದು ಗೊತ್ತಾಯಿತು. ಬಾಯಿಬಡುಕಿ ಎಂದು ಹೆಸರಾದವಳು ಅಂದು ಒಳಗೆ ಹೋಗಿ ಆರಿಸಿದ್ದ ಒಲೆ ಮತ್ತೆ ಹಚ್ಚಿದಳು.

ಈಗ ಉಳಿದದ್ದು ಕೊನೆ. ಅವನು ಮೂರು ಕೊನೆ ಬರೆದುಕೊಂಡು ಹೋದ. ಒಂದರಲ್ಲಿ ಅವಳು, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳುತ್ತಾಳೆ. ಇನ್ನೊಂದರಲ್ಲಿ, ತಮ್ಮನಿಗೆ ಈ ಕಟ್ಟಡದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನೋಡಿ ಎನ್ನುತ್ತಾಳೆ. ಮೂರನೆಯದರಲ್ಲಿ ಚೀಲ ಭಾರವಾಗಿದೆ, ಬಸ್ಸಿನವರೆಗೆ ಹಿಡಿದುಕೊಂಡು ಬರುತ್ತೀರಾ ಎಂದಷ್ಟೇ ಕೇಳುತ್ತಾಳೆ. ಔಷಧಿ ಅಂಗಡಿಯವರಿಗೆ ಮದುವೆ ಇಷ್ಟವಾಯಿತು. ಪಕ್ಕದ ಕುರ್ಚಿಯವಳು ಚೀಲದ್ದೇ ಚೆಂದ ಎಂದಳು. ತರಗತಿ ಎರಡು ಪಂಗಡವಾಗಿ ಕಿತ್ತಾಡಿತು.

ಟೀಚರು ಮೇಜು ಬಡಿದರು. "ಮೂರೂ ಸುಳ್ಳು. ಒಂದು ನಿಮ್ಮ ಆಸೆ, ಇನ್ನೊಂದು ನಿಮ್ಮ ಭಯ, ಮೂರನೇದು ಮನಸ್ಸಿಗೆ ಮಾಡ್ಕೊಂಡ ಸಮಾಧಾನ. ಅವಳ ಮಾತು ಯಾವುದೂ ಅಲ್ಲ."

"ಹಾಗಾದ್ರೆ ಅವಳ ಮಾತು ನನಗೆ ಹೇಗೆ ಗೊತ್ತಾಗ್ಬೇಕು ಟೀಚರ್?"

"ಬದುಕಿದ್ದಾಳಲ್ಲ?"

"ಗೊತ್ತಿಲ್ಲ."

"ಗೊತ್ತಿಲ್ಲದ್ದನ್ನ ಕಲ್ಪಿಸ್ಕೊಬಹುದು, ತಪ್ಪಿಲ್ಲ. ಆದ್ರೆ ಕೇಳೋ ಧೈರ್ಯ ಇಲ್ಲ ಅಂತ ಕಲ್ಪಿಸ್ಕೊಂಡ್ರೆ ಅದು ಬರವಣಿಗೆ ಅಲ್ಲ, ತಲೆಮರೆಸ್ಕೊಳ್ಳೋದು. ಹೋಗಿ ಕೇಳಿ."

ಇದಕ್ಕಿಂತ ಏಳು ಮಹಡಿಯಿಂದ ಹಾರು ಎಂದಿದ್ದರೆ ಸುಲಭವಾಗಿತ್ತು. ಎರಡು ಶನಿವಾರ ಅವನು ತರಗತಿಯ ಕಡೆ ತಲೆ ಹಾಕಲಿಲ್ಲ. ಮೂರನೇ ಶನಿವಾರ ಬೆಳಿಗ್ಗೆ ಐದನೇ ಮಹಡಿಗೆ ಹೋಗಿ, ಅಲ್ಲಿನ ಹಳೆಯ ಅಟೆಂಡರನ್ನು ಕೇಳಿದ.

"ನಕ್ಷೆ ಮೇಡಮ್ಮಾ? ಅಯ್ಯೋ, ಇಲ್ಲೇ ಇದ್ದಾರಲ್ಲ, ನದಿ ಆಚೆ ಹೊಸ ಬಡಾವಣೇಲಿ. ನಿವೃತ್ತಿ ಆದ್ಮೇಲೆ ವಾಪಸ್ ಬಂದ್ರು. ನೀವಿನ್ನೂ ಕೆಲಸದಲ್ಲಿದ್ರಿ ಕಣ್ರೀ, ಏನೋ ಕಾಗದಪತ್ರಕ್ಕೆ ಅಂತ ಇಲ್ಲಿಗೂ ಬಂದಿದ್ರು. ಪಾಪ, ಮೆಟ್ಟಿಲು ಹತ್ಕೊಂಡು ಬಂದು ಏದುಸಿರು ಬಿಡ್ತಿದ್ರು, ನಾನೇ ನೀರು ಕೊಟ್ಟೆ."

"ಮೆಟ್ಟಿಲು ಯಾಕೆ? ನಾನಿದ್ನಲ್ಲ?"

"ರಶ್ ಇತ್ತೇನೋ" ಎಂದ ಅಟೆಂಡರ್, ವಿಳಾಸ ಬರೆದುಕೊಟ್ಟ. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಕೇಳದೆ ಇದ್ದದ್ದು ಟೀ ತಣ್ಣಗಾಗುವುದರೊಳಗೆ ಕೈಗೆ ಸಿಕ್ಕಿತ್ತು.

ಅಕ್ಕ ಅಂಗಿ ಇಸ್ತ್ರಿ ಮಾಡಿಕೊಟ್ಟಳು. ಕಾಲರನ್ನು ಎರಡೆರಡು ಸಲ ತೀಡಿದಳು. "ಏನು ಕೇಳ್ತೀಯೋ ಕೇಳು. ಆದ್ರೆ ಅವಳು ಉತ್ತರ ಕೊಡೋವರೆಗೆ ಎದ್ದು ಬರಬೇಡ" ಎಂದಳು.

ನಕ್ಷೆ ಮೇಡಂ ಮನೆ ಒಂದು ವಸತಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದದ್ದು ಒಬ್ಬ ಗಂಡಸು. ಕೈಯಲ್ಲಿ ಸ್ಕ್ರೂಡ್ರೈವರ್, ಹಿಂದೆ ನೆಲದ ಮೇಲೆ ಬಿಚ್ಚಿಹಾಕಿದ ಟೇಬಲ್ ಫ್ಯಾನು. ಲಿಫ್ಟಣ್ಣ ತಡವರಿಸುತ್ತಾ ಹಳೆಯ ಕಟ್ಟಡದ ಹೆಸರು ಹೇಳಿದ.

"ಓಹೋ, ಲಿಫ್ಟಣ್ಣ!" ಎಂದು ಆ ಮನುಷ್ಯ ಬಾಯ್ತುಂಬ ನಕ್ಕ. "ಇವಳು ಹೇಳ್ತಿರ್ತಾಳೆ. ಬನ್ನಿ, ಬನ್ನಿ, ಫ್ಯಾನ್ ದಾಟಿ ಬನ್ನಿ. ಏ, ನೋಡೇ ಯಾರು ಬಂದಿದ್ದಾರೆ ಅಂತ!"

ಅವಳು ಒಳಗಿನಿಂದ ಬಂದಳು. ಕೂದಲು ಬೆಳ್ಳಗಾಗಿತ್ತು, ಮೈ ತುಂಬಿಕೊಂಡಿತ್ತು. ಬೆರಳಿನಲ್ಲಿ ಶಾಯಿ ಇರಲಿಲ್ಲ. ಅವನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು, ಆಮೇಲೆ, "ಕೂತ್ಕೊಳ್ಳಿ" ಎಂದಳು.

ಗಂಡ ಒಳ್ಳೆಯ ಮಾತುಗಾರ. ಕಪಟ ಅರಿಯದ ಮನುಷ್ಯ ಎಂದು ನೋಡಿದರೇ ತಿಳಿಯುತ್ತಿತ್ತು. "ಒಂದು ವಿಷಯ ನೀವೇ ಹೇಳ್ಬೇಕು ಲಿಫ್ಟಣ್ಣ" ಎಂದ. "ಅಷ್ಟು ವರ್ಷ ನಿಮ್ಮ ಲಿಫ್ಟಲ್ಲಿ ಓಡಾಡಿದೋಳು, ಮದುವೆ ಆದಾಗಿಂದ ನೋಡ್ತಿದೀನಿ, ಒಂದು ದಿನ ಲಿಫ್ಟ್ ಹತ್ತಲ್ಲ! ಈ ಕಟ್ಟಡದಲ್ಲಿ ಇಷ್ಟು ಚೆನ್ನಾಗಿರೋ ಲಿಫ್ಟ್ ಇದೆ, ಮಂಡಿ ಸವೆದಿದೆ ಅಂತ ಡಾಕ್ಟ್ರು ಬೈತಾರೆ, ಊಹೂಂ, ಮೆಟ್ಟಿಲೇ. ಏನ್ರೀ ಅಷ್ಟೊಂದು ಹೆದರಿಸಿದೀರ ಇವಳನ್ನ?"

ಅವಳು ಮಾತಿಗೆ ಮಾತು ಸೇರಿಸದೆ, "ಹಾಲಿಲ್ಲ. ಒಂದು ಹೆಜ್ಜೆ ಹೋಗಿ ತರ್ತೀರಾ?" ಎಂದಳು. ಗಂಡ ಚಪ್ಪಲಿ ಮೆಟ್ಟಿ ಹೊರಟ.

ಈಗ ಕೋಣೆಯಲ್ಲಿ ಇಬ್ಬರೇ. ನೆಲದ ಮೇಲೆ ಫ್ಯಾನಿನ ರೆಕ್ಕೆಗಳು. ಹೊರಗೆ ಗಂಡನನ್ನು ಹೊತ್ತು ಲಿಫ್ಟು ಕೆಳಗಿಳಿಯುವ ಸದ್ದು ಕೇಳಿಸಿತು, ಅದು ನಿಲ್ಲುವವರೆಗೆ ಇಬ್ಬರೂ ಕಾದರು.

"ಮೇಡಂ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

ಅವಳು ನಕ್ಕಳು. "ಈ ಸಲ ನಿಮ್ಮ ಸರದೀನಾ?"

"ಅವತ್ತು ಏನು ಕೇಳೋಕೆ ಹೊರಟಿದ್ರಿ?"

ಅವಳಿಗೆ ಯಾವತ್ತು ಎಂದು ಕೇಳಬೇಕಾಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ವರ್ಗ ಬೇಡ ಅನ್ನೋದಕ್ಕೆ ಇನ್ನೂ ಅವಕಾಶ ಇತ್ತು. ನಾನು ಇಲ್ಲೇ ಉಳ್ಕೊಳ್ಳಲಾ ಅಂತ ಕೇಳೋಳಿದ್ದೆ" ಎಂದಳು. "ನೀವು ಬಾಗಿಲು ತೆಗೆದ್ರಿ. ನಾನು ಅದೇ ಉತ್ತರ ಅಂದ್ಕೊಂಡೆ."

"ಅದು ಅಭ್ಯಾಸ, ಮೇಡಂ. ಕೈ ತೆಗೆದಿದ್ದು. ನಾನಲ್ಲ."

ಅವಳು ಅವನ ತೊಡೆಯ ಮೇಲಿದ್ದ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ನನಗೆ ಹೇಗೆ ಗೊತ್ತಾಗ್ಬೇಕಿತ್ತು, ಹೇಳಿ" ಎಂದಳು.

ಒಂದು ಮಾತು, ಉಳಿ ಎನ್ನುವ ಎರಡೇ ಅಕ್ಷರ, ಅಂದು ಆ ಬಾಯಿಂದ ಬಂದಿದ್ದರೆ! ಬಂದದ್ದು ಗ್ರೌಂಡ್ ಫ್ಲೋರ್. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಅವನಿಗೆ ಬುದ್ಧಿಯೂ ಬಂದಿರಲಿಲ್ಲ, ಬರೀ ಅಳು ಬಂದಿತ್ತು, ಅದನ್ನೂ ನುಂಗಿಕೊಂಡ. ಅಷ್ಟರಲ್ಲಿ ಗಂಡ ಹಾಲು ತಂದ. ಮೂವರೂ ಟೀ ಕುಡಿದರು. ಲಿಫ್ಟಣ್ಣ ಫ್ಯಾನಿನ ಒಂದು ಸ್ಕ್ರೂ ಹಿಡಿದುಕೊಟ್ಟ. ಹೊರಡುವಾಗ ಅವಳು ಬಾಗಿಲವರೆಗೆ ಬಂದಳು, ಹುಷಾರು ಎಂದಳು. ಎದುರಿಗೇ ಲಿಫ್ಟು ನಿಂತಿತ್ತು. ಅವನು ಅದರ ಕಡೆ ನೋಡದೆ ಮೆಟ್ಟಿಲಿಳಿದ.

ಆ ವಾರ ಅವನು ಕಥೆಯನ್ನು ಮೊದಲಿಂದ ಇನ್ನೊಮ್ಮೆ ಬರೆದ. ಶನಿವಾರ ಎದ್ದು ನಿಂತು ಓದಿದ. ದುಃಖ ಎಂಬ ಮಾತು ಎಲ್ಲೂ ಇರಲಿಲ್ಲ. ಹಿತ್ತಾಳೆಯ ಹಿಡಿ ಇತ್ತು, ಶಾಯಿಯ ಬೆರಳಿತ್ತು, ಶಿಳ್ಳೆ ಹೊಡೆಯುವ ಬಾಡಿಗೆದಾರನಿದ್ದ, ನಾಲ್ಕು ಮತ್ತು ಐದರ ನಡುವೆ ವಯಸ್ಸಾದ ಹಾಗೆ ನಟಿಸುವ ಲಿಫ್ಟು ಇತ್ತು. ಕಡೆಯ ಸಂಜೆ ಬಂತು. ಅವಳು ಹತ್ತಿದಳು. ಮೂರು ಹೋಯಿತು, ಎರಡು ಹೋಯಿತು. "ನಿಮ್ಮನ್ನ ಒಂದು ಮಾತು ಕೇಳ್ಬೇಕು" ಎಂದಳು. ಸೆರಗು ಬೆರಳಿಗೆ ಸುತ್ತಿಕೊಂಡಳು. ಲಿಫ್ಟು ಇಳಿಯುತ್ತಿತ್ತು.

ಅಲ್ಲಿಗೆ ಅವನು ಹಾಳೆ ಮಡಚಿ ಜೇಬಿಗಿಟ್ಟ.

"ಆಮೇಲೆ?" ಎಂದರು ಔಷಧಿ ಅಂಗಡಿಯವರು, ಕುರ್ಚಿಯ ತುದಿಗೆ ಬಂದು.

"ಅಷ್ಟೇ."

ಟೀಚರು ಕನ್ನಡಕ ತೆಗೆದರು. "ಹೋಗಿದ್ರಾ?"

"ಹೋಗಿದ್ದೆ."

"ಸಿಕ್ಕಿದ್ರಾ? ಹೇಳಿದ್ರಾ?"

"ಹೇಳಿದ್ರು."

"ಮತ್ತೆ? ಇಷ್ಟು ದಿನ ಕೊನೆ ಇಲ್ಲ, ಕೊನೆ ಇಲ್ಲ ಅಂತ ಜೀವ ತಿಂದ್ರಿ. ಸಿಕ್ಕಿದ್ಮೇಲೆ ಯಾಕೆ ಬರೀಲಿಲ್ಲ?"

ಲಿಫ್ಟಣ್ಣ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದ.

"ಅದನ್ನ ಬರೀಬೇಕಾದ್ರೆ ಬಾಗಿಲು ತೆಗೀಬೇಕಾಗುತ್ತೆ, ಟೀಚರ್" ಎಂದ. "ಇನ್ನೊಂದು ಸಲ ಅವರನ್ನ ನನ್ನ ಕೈಯಾರೆ ಇಳಿಸೋಕೆ ನನ್ನಿಂದ ಆಗಲ್ಲ."